ಸೋದರಮಾವ ಬರುವ ತನಕ

ಮಗಳ ಮದುವೆ ಮಾತಿಗೆ ಗಂಡಿನ ಕಡೆಯವರು ಬರುತ್ತಾರೆ ಅಂದರೆ ಯಾವ ಅಪ್ಪನಾದರೂ ಏನು ಮಾಡಿಯಾನು? ಮನೆ ಗುಡಿಸಿಯಾನು, ಸೋಫಾದ ಕವರು ಬದಲಿಸಿಯಾನು, ಹೆಚ್ಚೆಂದರೆ ತಲೆಗೆ ಬಣ್ಣ ಹಚ್ಚಿಕೊಂಡಾನು. ಕೆನಡಾದ ಬ್ರ್ಯಾಂಪ್ಟನ್ನಿನ ಶೇಖರ ಮಾತ್ರ ಭೂಗೋಳ ಓದಲು ಕೂತ. ಸುಮ್ಮನೆ ಕಣ್ಣಾಡಿಸುವ ಓದಲ್ಲ ಅದು. ರೆಕ್ಸ್‌ಡೇಲಿನ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಂದವನು ಊಟದ ಮೇಜಿನ ಮೇಲೆ ದಪ್ಪ ಪುಸ್ತಕ ಹರಡಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎಸ್‌ಎಸ್‌ಎಲ್‌ಸಿಗೆ ಎರಡನೇ ಸಲ ಕಟ್ಟಿದವನ ಶ್ರದ್ಧೆಯಲ್ಲಿ ತುಟಿ ಅಲ್ಲಾಡಿಸುತ್ತ ಓದುತ್ತಿದ್ದ. "ತಟ್ಟೆ ಎಲ್ಲಿ ಇಡ್ಲಿ? ಸರೋವರದ ಮೇಲೆ ಇಡ್ಲಾ, ಗುಡ್ಡದ ಮೇಲೆ ಇಡ್ಲಾ?" ಎಂದು ಹೆಂಡತಿ ಪಂಕಜಾ ಸಾರಿನ ಪಾತ್ರೆ ಹಿಡಿದು ನಿಂತರೆ, "ಸ್ವಲ್ಪ ತಡಿ ಮಾರಾಯ್ತಿ, ಈಗಷ್ಟೇ ರಫ್ತಿಗೆ ಬಂದಿದ್ದೇನೆ" ಅನ್ನುವನು.

ಓದುತ್ತಿದ್ದದ್ದು ಮಲಾವಿ ಎಂಬ ದೇಶದ ಬಗ್ಗೆ. ಆಫ್ರಿಕಾದ ಆಗ್ನೇಯಕ್ಕೆ, ಟಾಂಜಾನಿಯಾ, ಜಾಂಬಿಯಾ, ಮೊಜಾಂಬಿಕ್‌ಗಳ ನಡುವೆ ಉದ್ದಕ್ಕೆ ಸಿಕ್ಕಿಕೊಂಡಿರುವ ದೇಶ. 2006ರ ಬೇಸಿಗೆಯಲ್ಲಿ ಅವರ ಒಬ್ಬಳೇ ಮಗಳು ನಿಶ್ಮಿತಾ "ಅಪ್ಪಾ, ದೇರ್ ಈಸ್ ಸಮ್‌ಒನ್" ಎಂದು ಶುರು ಮಾಡುವವರೆಗೆ ಅದು ನಕ್ಷೆಯಲ್ಲಿ ಎಲ್ಲಿದೆಯೆಂದು ಶೇಖರನಿಗೆ ಗೊತ್ತಿರಲಿಲ್ಲ. ಆ ಸಮ್‌ಒನ್ನಿನ ಹೆಸರು ಕೊಂಡ್ವಾನಿ. ಹದಿನೈದು ವರ್ಷದವನಿದ್ದಾಗ ಮಲಾವಿಯಿಂದ ರೆಕ್ಸ್‌ಡೇಲಿಗೆ, ತನ್ನ ತಾಯಿಯ ಅಣ್ಣನ ಮನೆಗೆ ಬಂದು, ಇಲ್ಲಿಯೇ ಓದಿ, ಈಗ ನೀರು ಸರಬರಾಜಿನ ಎಂಜಿನಿಯರು. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದ ನಿಶ್ಮಿತಾಳಿಗೆ ಯೂನಿವರ್ಸಿಟಿ ದಿನಗಳಿಂದ ಪರಿಚಯ.

ನಿಜ ಹೇಳಬೇಕೆಂದರೆ ಹುಡುಗ ಶೇಖರನಿಗೆ ಹಿಡಿಸಿದ್ದ. ಮೊದಲ ಸಲ ಮನೆಗೆ ಬಂದಾಗ ಕಾಫಿ ಲೋಟವನ್ನು ಎರಡೂ ಕೈಯಲ್ಲಿ, ಮೊಣಕಾಲು ಒಂಚೂರು ಬಾಗಿಸಿ ತೆಗೆದುಕೊಂಡ. ಬಂಗುಡೆ ಮೀನಿನ ಖಾರದ ಪುಳಿಮುಂಚಿಯನ್ನು ಕಣ್ಣಲ್ಲಿ ನೀರು ಬರಿಸಿಕೊಂಡು ಎರಡೆರಡು ಸಲ ಹಾಕಿಸಿಕೊಂಡ. ಇಂಥವನನ್ನು ಬೇಡ ಅನ್ನಲು ಬಾಯಿ ಬರುವುದಾದರೂ ಹೇಗೆ! ಆದರೆ ಊಟ ಮುಗಿಸಿ ಕೈ ತೊಳೆಯುವಾಗ ಅವನು ಒಂದು ಮಾತು ಅಂದುಬಿಟ್ಟ. "ಮುಂದೆ ಒಂದು ದಿನ ನಮ್ಮ ದೇಶಕ್ಕೆ ಹೋಗಿ ಕೆಲಸ ಮಾಡಬೇಕು ಅಂಕಲ್. ಎಷ್ಟೋ ಹಳ್ಳಿಗಳಿಗೆ ಕುಡಿಯುವ ನೀರಿಲ್ಲ."

ಪಂಕಜಾ "ಎಷ್ಟು ಒಳ್ಳೆ ಮನಸ್ಸು" ಅಂದಳು. ಶೇಖರನಿಗೆ ಕೇಳಿಸಿದ್ದು ಮಾತ್ರ ಬೇರೆ. ನನ್ನ ಮಗಳನ್ನು ಇವನು ಕರೆದುಕೊಂಡು ಹೋಗುತ್ತಾನೆ. ಅಷ್ಟೇ ಕೇಳಿಸಿತು. ಅವತ್ತು ಎದೆಯೊಳಗೆ ಕೂತ ಭಯ ಆಮೇಲೆ ಎದ್ದು ಹೋಗಲಿಲ್ಲ. ಇದ್ದವಳು ಒಬ್ಬಳು. ಕೆಲಸದಿಂದ ಬರುವಾಗ ದಿನವೂ ಅಪ್ಪನಿಗೆ ಫೋನು ಮಾಡಿ "ಟ್ರಾಫಿಕ್ ಉಂಟಾ ಆ ಕಡೆ?" ಎಂದು ಕೇಳುವವಳು. ಹೋದಳು ಅಂದರೆ ಹೋದಳೇ.

"ಅಪ್ಪ ನೋ ಅಂದ್ರೆ ನಾನು ನಿಮ್ಮ ಬೆನ್ನ ಹಿಂದೆ ಮದುವೆ ಆಗುದಿಲ್ಲ. ಬಟ್ ಬೇರೆ ಯಾರನ್ನೂ ಆಗುದಿಲ್ಲ" ಎಂದು ನಿಶ್ಮಿತಾ ತಣ್ಣಗೆ ಹೇಳಿಬಿಟ್ಟಿದ್ದಳು. ಹೂಂ ಅಂದರೂ ಕಷ್ಟ, ಊಹೂಂ ಅಂದರೂ ಕಷ್ಟ. ಹಾಗಾಗಿ ಶೇಖರ ಒಂದು ಉಪಾಯ ಹೂಡಿದ. ಹುಡುಗನ ಮಾವ ಮಾತಿಗೆ ಬಂದಾಗ ಮಲಾವಿಯ ಭೂಗೋಳ, ಆರ್ಥಿಕತೆ, ಬೆಳೆ, ಬೇನೆ ಎಲ್ಲವನ್ನೂ ಎದುರಿಗೆ ಹರಡಿ, ನನ್ನ ಮಗಳು ಅಲ್ಲಿ ಬದುಕುವುದು ಸಾಧ್ಯವಿಲ್ಲ ಎಂದು ಸಾಧಿಸಿ, ಅವಳನ್ನು ಎಂದೂ ಕರೆದುಕೊಂಡು ಹೋಗುವುದಿಲ್ಲ ಎಂಬ ಮಾತು ತೆಗೆದುಕೊಳ್ಳುವುದು. ಮಾತು ಕೊಟ್ಟರೆ ಹೂಂ. ಇಲ್ಲವಾದರೆ ಇಲ್ಲ.

ಪುಸ್ತಕ ಎಲ್ಲಿಂದ ಬಂತು ಅನ್ನುತ್ತೀರೋ? ಕೆನಡಾಕ್ಕೆ ಬಂದ ಹೊಸತರಲ್ಲಿ ಯಾರದೋ ಮನೆಯ ಹಳೆ ಸಾಮಾನು ಮಾರುವ ಗ್ಯಾರೇಜ್ ಸೇಲಿನಲ್ಲಿ, ಮಗಳು ಓದಿ ದೊಡ್ಡವಳಾಗಲಿ ಎಂದು, ಒಂದು ಇಡೀ ವಿಶ್ವಕೋಶವನ್ನೇ ಕಾರಿನ ಡಿಕ್ಕಿಗೆ ತುಂಬಿಸಿಕೊಂಡು ಬಂದಿದ್ದ. ಮಗಳು ಒಂದು ಸಂಪುಟವನ್ನೂ ಬಿಡಿಸಲಿಲ್ಲ. ಈಗ ಬಂತು ನೋಡಿ ಅದಕ್ಕೆ ಕಾಲ! ಇಂಟರ್ನೆಟ್ಟಿನಲ್ಲಿ ನೋಡು ಅಂದರೆ "ಅದರಲ್ಲಿ ಯಾರೂ ಏನೂ ಬರೀಬಹುದು. ಇದು ಪ್ರಿಂಟಾದದ್ದು" ಅನ್ನುವ ಗಟ್ಟಿ ಮನುಷ್ಯ.

"ಜಗ್ಗುವಿಗೆ ಹೇಳಿದ್ರಾ?" ಎಂದು ಪಂಕಜಾ ಕೇಳಿದಳು.

ಜಗ್ಗು ಅಂದರೆ ಜಗನ್ನಾಥ, ಅವಳ ತಮ್ಮ. ಮಿಲ್ಟನ್ನಿನಲ್ಲಿ ಮನೆ, ಲಾರಿ ಓಡಿಸುವ ಕೆಲಸ. ಅವನಿದ್ದಲ್ಲಿ ಬೇರೆಯವರಿಗೆ ಮಾತಿನ ಸರದಿ ಸಿಗುವುದಿಲ್ಲ. ಭಾವನನ್ನು ಎಲ್ಲರೆದುರು 'ಪ್ರೊಫೆಸರ್ರೇ' ಎಂದು ಕರೆಯುವುದು ಬೇರೆ.

"ಅವನೆಂತಕ್ಕೆ?"

"ಎಂತಕ್ಕೆ ಅಂದ್ರೆ? ಸೋದರಮಾವ ಇಲ್ಲದೆ ಹುಡುಗಿಯ ಮದುವೆ ಮಾತು ಆಡುದಾ? ನಮ್ಮಲ್ಲಿ ಎಲ್ಲಿಯಾದ್ರೂ ಉಂಟಾ?"

"ಅಳಿಯಕಟ್ಟು ಎಲ್ಲ ಯಾವತ್ತೋ ಮುಗ್ದಿದೆ ಪಂಕಜಾ. ಇಲ್ಲಿ ಅಪ್ಪ ಅಂದ್ರೆ ಅಪ್ಪ."

ಇಷ್ಟು ಬಿರುಸಾಗಿ ಹೇಳಿದ್ದಕ್ಕೆ ಕಾರಣವೂ ಇತ್ತು. ಉಡುಪಿಯ ಕಡೆಯ ಅವರ ತುಳು ಮನೆತನದಲ್ಲಿ ಹಿಂದೆ ಎಲ್ಲವೂ ತಾಯಿಯ ಕಡೆಯಿಂದ. ಮನೆ ಹೆಣ್ಣಿನದು, ಮಾತು ಅವಳ ಅಣ್ಣನದು. ಶೇಖರ ಯಾವ ಶಾಲೆಗೆ ಹೋಗಬೇಕು, ಅವನ ಅಕ್ಕನನ್ನು ಯಾರಿಗೆ ಕೊಡಬೇಕು, ಎಲ್ಲ ತೀರ್ಮಾನ ಮಾಡಿದ್ದು ಮಾವ. ಅಪ್ಪ ಚಾವಡಿಯ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು, ನೆಂಟನ ಹಾಗೆ ಕೂತಿರುತ್ತಿದ್ದ. ಅಕ್ಕನ ಮದುವೆ ಗೊತ್ತಾದ ದಿನ ಅಪ್ಪ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡದ್ದನ್ನು ಶೇಖರ ನೋಡಿದ್ದ. ನಾನು ಅಪ್ಪನಾದರೆ ನನ್ನ ಮಗಳ ಮಾತನ್ನು ನಾನೇ ಆಡುತ್ತೇನೆ ಎಂದು ಅವತ್ತೇ ಅಂದುಕೊಂಡಿದ್ದ.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಹುಡುಗನ ಮಾವ ಶ್ರೀಮಾನ್ ಮ್ವಾಲೆ ಬಂದರು. ಎತ್ತರದ ಆಳು, ಬಿಳಿಗೂದಲು, ಇಸ್ತ್ರಿ ಮಾಡಿದ ಹಳೆಯ ಕೋಟು. ಹಿಂದೆಯೇ ಕೊಂಡ್ವಾನಿ, ಶಾಲೆಯಲ್ಲಿ ಹೆಡ್‌ಮಾಸ್ತರರ ಕೋಣೆಗೆ ಬಂದವನ ಹಾಗೆ. ಮ್ವಾಲೆ ತಮ್ಮ ದೇಶದ ಚಹಾಪುಡಿಯ ಪೊಟ್ಟಣವನ್ನು ಎರಡು ಕೈಯಲ್ಲಿ ಪಂಕಜಾಳಿಗೆ ಕೊಟ್ಟರು. ಅವಳು ಗೋಳಿಬಜೆ ತಂದಿಟ್ಟಾಗ ಒಂದನ್ನು ಬಾಯಿಗೆ ಹಾಕಿಕೊಂಡು, "ಅರೆ, ಇದು ನಮ್ಮೂರ ಕರಿದ ತಿಂಡಿ ಮಂದಾಸಿಯ ತಂಗಿ!" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

ಮೊದಲು ಕ್ಷೇಮಸಮಾಚಾರ. ಮ್ವಾಲೆ ಒಬ್ಬೊಬ್ಬರನ್ನೇ ಹೇಗಿದ್ದೀರಿ ಎಂದು ಕೇಳಿದರು, ಊರಲ್ಲಿರುವವರನ್ನೂ ಕೇಳಿದರು. ಅದು ಮುಗಿಯುವಷ್ಟರಲ್ಲಿ ಶೇಖರನ ಕಾಲು ಜೋಮು ಹಿಡಿದಿತ್ತು. ಇನ್ನು ತಡೆಯಲಾರೆ ಎಂದು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನಿಮ್ಮ ರಾಜಧಾನಿ ಜೋಂಬಾ. ಅಲ್ಲವೇ?"

ನಿಶ್ಮಿತಾ ಕಣ್ಣು ಮುಚ್ಚಿದಳು. ಮ್ವಾಲೆ ಗೋಳಿಬಜೆ ಅಗಿಯುತ್ತ ಬಹಳ ಮರ್ಯಾದೆಯಿಂದ ತಲೆಯಾಡಿಸಿದರು. "ಆಗಿತ್ತು. ಒಳ್ಳೆಯ ತಂಪು ಊರು. ರಾಜಧಾನಿ ಲಿಲೋಂಗ್ವೆಗೆ ಹೋಗಿ ಮೂವತ್ತು ವರ್ಷವಾಯಿತು. ಜೋಂಬಾದವರಿಗೆ ನಿಮ್ಮ ಪುಸ್ತಕ ಸಿಕ್ಕಿದ್ದರೆ ತುಂಬ ಸಂತೋಷಪಡುತ್ತಿದ್ದರು."

ಪ್ರಿಂಟಾದದ್ದು ಹೀಗೆ ಕೈಕೊಟ್ಟರೂ ಶೇಖರ ಬಿಡುವವನಲ್ಲ. "ನಿಮಗೆ ಸಮುದ್ರವೇ ಇಲ್ಲ."

"ಇಲ್ಲ. ಸರೋವರ ಉಂಟು. ದೇಶದ ಐದರಲ್ಲೊಂದು ಪಾಲು ನೀರೇ. ಈ ದಡದಲ್ಲಿ ನಿಂತರೆ ಕೆಲವು ಕಡೆ ಆ ದಡ ಕಾಣುವುದಿಲ್ಲ. ಸಮುದ್ರಕ್ಕೆ ಉಪ್ಪು ಜಾಸ್ತಿ, ನಮ್ಮದಕ್ಕೆ ಮೀನು ಜಾಸ್ತಿ."

"ಓ, ಮೀನು ಉಂಟಾ?" ಎಂದು ಪಂಕಜಾ ಅಡುಗೆಮನೆಯಿಂದಲೇ ಕೇಳಿದಳು. ಹೆಂಡತಿ ಎದುರು ಪಕ್ಷಕ್ಕೆ ಹೋದಳೆಂದು ಶೇಖರನಿಗೆ ಆಗಲೇ ಗೊತ್ತಾಯಿತು.

"ರಫ್ತೆಲ್ಲ ಹೊಗೆಸೊಪ್ಪಿನ ಮೇಲೆಯೇ ನಿಂತಿದೆ. ಹೊಗೆಸೊಪ್ಪಿನ ಬೆಲೆ ಬಿದ್ದರೆ ದೇಶವೇ ಬಿತ್ತು. ಹೋದ ವರ್ಷ ಬರ ಬಂದು ಮೆಕ್ಕೆಜೋಳ ಸುಟ್ಟುಹೋಯಿತು. ಇದು ನಾನು ಪೇಪರಿನಲ್ಲಿ ನೋಡಿದ್ದು" ಎಂದು ಶೇಖರ ಪುಸ್ತಕದ ಕಳಂಕ ತೊಳೆದುಕೊಂಡ.

"ನಿಜ. ನಮ್ಮಪ್ಪ ಬೇರೆಯವರ ಎಸ್ಟೇಟಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ. ಹರಾಜಿನ ಕಟ್ಟೆಗೆ ಹೋಗುವ ಮೂಟೆ ಹೊತ್ತು ಹೊತ್ತು ನಾನು ಇಷ್ಟು ಉದ್ದ ಆದೆನೋ, ಇಲ್ಲವಾದರೆ ಇನ್ನೂ ಉದ್ದ ಆಗುತ್ತಿದ್ದೆನೋ ಗೊತ್ತಿಲ್ಲ." ಮ್ವಾಲೆ ನಕ್ಕರು. "ಈ ವರ್ಷ ಮಳೆ ಚೆನ್ನಾಗಿ ಬಂದಿದೆ. ಸರಕಾರ ಗೊಬ್ಬರವನ್ನು ಅಗ್ಗಕ್ಕೆ ಕೊಟ್ಟಿದೆ. ಕೊಂಡ್ವಾನಿಯ ಅಮ್ಮ ಜೋಳದ ಕಣಜ ತುಂಬಿದೆ ಎಂದು ಫೋನು ಮಾಡಿದ್ದಳು."

ಹೀಗೆಯೇ ಮಲೇರಿಯಾ ಬಂತು, ರೈಲುದಾರಿ ಬಂತು, ಚಹಾ ತೋಟ ಬಂತು. ಯಾವುದನ್ನು ಎಸೆದರೂ ಮ್ವಾಲೆ ನಗುತ್ತ ಹಿಡಿದು ಮೇಜಿನ ಮೇಲಿಡುವರು. ಮದುವೆಯ ಸುದ್ದಿಯೊಂದನ್ನು ಮಾತ್ರ ಎತ್ತುವುದಿಲ್ಲ. ಮೂರನೇ ಸಲ ಚಹಾ ಆಯಿತು. ಗೋಳಿಬಜೆ ಖಾಲಿಯಾಯಿತು. ಕಡೆಗೆ ಶೇಖರ ಎದ್ದು ನಿಂತ, ಅಂಗಿ ಜಗ್ಗಿ ಸರಿಮಾಡಿಕೊಂಡ, ಮೂರು ವಾರ ಕನ್ನಡಿಯೆದುರು ಹೇಳಿ ಹೇಳಿ ಬಾಯಿಪಾಠವಾಗಿದ್ದ ಭಾಷಣ ಶುರು ಮಾಡಿದ. "ಮಿಸ್ಟರ್ ಮ್ವಾಲೆ, ಒಬ್ಬ ತಂದೆಯಾಗಿ ನಾನು..."

ಮ್ವಾಲೆ ಮುಜುಗರದಿಂದ ಕೈ ಎತ್ತಿದರು. "ಕ್ಷಮಿಸಿ. ಇನ್ನೊಬ್ಬರು ಬರಲಿಕ್ಕಿದ್ದಾರಲ್ಲ? ನಾನು ಅವರಿಗೇ ಕಾಯುತ್ತಿದ್ದೇನೆ."

"ಯಾರು?"

"ಹುಡುಗಿಯ ತಾಯಿಗೆ ಅಣ್ಣನೋ ತಮ್ಮನೋ ಇಲ್ಲವೇ?"

ಅಡುಗೆಮನೆಯಲ್ಲಿ ಏನೋ ದಡಾರನೆ ಬಿತ್ತು. ಪಂಕಜಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಇದ್ದಾನೆ! ಮಿಲ್ಟನ್ನಿನಲ್ಲಿ ಇದ್ದಾನೆ!"

"ನಾನಿದ್ದೇನಲ್ಲ, ಹುಡುಗಿಯ ಅಪ್ಪ" ಎಂದು ಶೇಖರ ಅಂದ. ದನಿ ಅವನಿಗೇ ಸಣ್ಣದಾಗಿ ಕೇಳಿಸಿತು.

"ನಿಮ್ಮ ಮೇಲೆ ನನಗೆ ತುಂಬ ಗೌರವ ಇದೆ" ಎಂದರು ಮ್ವಾಲೆ. "ಆದರೆ ನಮ್ಮ ಚೇವಾ ಜನರಲ್ಲಿ ಅಪ್ಪ ಅಂದರೆ ಆ ಮನೆಗೆ ಹೊರಗಿನಿಂದ ಬಂದವನು. ಮಕ್ಕಳು ತಾಯಿಯ ಮನೆಯವರು. ಮದುವೆ ಮಾತು ಆಡುವುದು ತಾಯಿಯ ಅಣ್ಣತಮ್ಮಂದಿರು. ಕೊಂಡ್ವಾನಿಯ ಅಪ್ಪ ಊರಲ್ಲಿ ಗಟ್ಟಿಮುಟ್ಟಾಗಿದ್ದಾನೆ. ಬಂದದ್ದು ನಾನು, ನೋಡಿ. ಮಾವನಿಲ್ಲದೆ ಹುಡುಗಿಯನ್ನು ಕೇಳಿದರೆ ಅದು ಕದ್ದ ಹಾಗೆ."

ಅಯ್ಯೋ ದೇವರೇ! ಸಾವಿರಾರು ಮೈಲಿ ದಾಟಿ ಬಂದರೂ ಅಳಿಯಕಟ್ಟು ಬೆನ್ನು ಬಿಡಲಿಲ್ಲವಲ್ಲ, ಅದೂ ಆಫ್ರಿಕಾದ ದಾರಿಯಾಗಿ ಬಂದು ಹಿಡಿಯಿತಲ್ಲ ಎಂದು ಶೇಖರ ತಲೆಗೆ ಕೈಯಿಟ್ಟು ಕೂತ. ಇಡೀ ವಿಶ್ವಕೋಶದಲ್ಲಿ ಜನರ ಬಗ್ಗೆ ಇದ್ದದ್ದು ಅರ್ಧ ಪುಟ. ಅದನ್ನು ಅವನು ಪರೀಕ್ಷೆಗೆ ಬರಲಿಕ್ಕಿಲ್ಲ ಎಂದು ಬಿಟ್ಟುಬಿಟ್ಟಿದ್ದ.

ಪಂಕಜಾಳ ಫೋನು ಹೋದಾಗ ಜಗ್ಗು ವಿಂಡ್ಸರಿನಲ್ಲಿ ಲೋಡು ಇಳಿಸಿ ಬಂದು ಮಲಗಿದ್ದ. ಮುಕ್ಕಾಲು ಗಂಟೆಯಲ್ಲಿ ಬಂದ. ಕೆಲಸದ ಬೂಟು, ಮಾಸಿದ ಜಾಕೆಟ್ಟು, ಒಂದು ಕಡೆ ಎದ್ದು ನಿಂತ ಕೂದಲು.

"ಎಂತ ಪ್ರೊಫೆಸರ್ರೇ, ಕಡೆಗೂ ನೆನಪಾಯ್ತಾ?" ಎನ್ನುತ್ತ ಒಳಗೆ ಬಂದವನು ಅಲ್ಲೇ ನಿಂತುಬಿಟ್ಟ. ಬಿಳಿಗೂದಲಿನ ಆ ದೊಡ್ಡ ಮನುಷ್ಯರು ಅವನಿಗಾಗಿ ಎದ್ದು ನಿಂತು, ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿದ್ದರು. ಈ ದೇಶದಲ್ಲಿ ಯಾರೂ ಜಗ್ಗುವಿಗಾಗಿ ಎದ್ದು ನಿಂತಿರಲಿಲ್ಲ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಅಕ್ಕನನ್ನು ನೋಡಿದ. ಅಕ್ಕ ಸೋಫಾದ ನಡುವಿನ ಜಾಗ ತೋರಿಸಿದಳು. ಅದು ಶೇಖರನ ಜಾಗ. ಶೇಖರ ಊಟದ ಮೇಜಿನ ಪಕ್ಕದ ಕುರ್ಚಿಗೆ ಹೋಗಿ ಕೂತ.

ಮ್ವಾಲೆ ದನಿ ಬದಲಿಸಿದರು. "ನಮ್ಮ ಮನೆಯ ಹುಂಜವೊಂದು ದಾರಿ ತಪ್ಪಿ ನಿಮ್ಮ ಅಂಗಳಕ್ಕೆ ಬಂದಿದೆಯಂತೆ. ಇಲ್ಲಿ ಒಂದು ಹೇಂಟೆಯನ್ನು ನೋಡಿದೆಯಂತೆ."

"ಹುಂಜವಾ?" ಜಗ್ಗುವಿನ ಕಣ್ಣು ಅಗಲವಾಯಿತು. ಊರಲ್ಲಿ ಒಂದು ಕೋಳಿಅಂಕವನ್ನೂ ತಪ್ಪಿಸಿದವನಲ್ಲ ಅವನು. "ಎಲ್ಲಿ? ಯಾವ ಬಣ್ಣ?"

"ಮಾಮಾ!" ಎಂದು ನಿಶ್ಮಿತಾ ಹಲ್ಲು ಕಚ್ಚಿದಳು. ಕೊಂಡ್ವಾನಿ ತನ್ನ ಬೂಟನ್ನು ನೋಡುತ್ತಿದ್ದ. ಜಗ್ಗು ಅವನನ್ನು ನೋಡಿದ, ಮ್ವಾಲೆಯನ್ನು ನೋಡಿದ, ವಿಷಯ ತಲೆಗೆ ಹೋಯಿತು. ಆಮೇಲೆ ಅವನನ್ನು ಹಿಡಿಯುವವರು ಯಾರು!

"ಹೋ, ಈ ಹುಂಜವಾ. ನೋಡಲಿಕ್ಕೆ ಪರವಾಗಿಲ್ಲ. ಕುಡಿಯುತ್ತದೆಯೋ?"

"ಹಬ್ಬಕ್ಕೆ ಒಂದು ಬಿಯರು. ಭಾನುವಾರ ಚರ್ಚಿಗೆ ಹೋಗುವ ಹುಂಜ."

"ಕುಕ್ಕುವ ಅಭ್ಯಾಸ?"

"ಕುಕ್ಕಿದರೆ ನನಗೆ ಹೇಳಿ ಕಳಿಸಿ. ನಾನೇ ಬಂದು ರೆಕ್ಕೆ ಕತ್ತರಿಸುತ್ತೇನೆ. ಮಾವ ಇರುವುದೇ ಅದಕ್ಕೆ."

"ಬೆಳಿಗ್ಗೆ ಎದ್ದು ಕೂಗುತ್ತದಾ, ನಮ್ಮ ಭಾವನ ಹಾಗೆ?"

ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ಪಂಕಜಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗದೆ ಇದ್ದವನು ಶೇಖರ ಒಬ್ಬನೇ. ಕೇಳಬೇಕಾದ ಪ್ರಶ್ನೆ ಒಂದೇ ಒಂದು, ಅದನ್ನು ಈ ಮಹಾರಾಯ ಕೇಳುತ್ತಿಲ್ಲ. ಈಗ ಎದ್ದು ಕೈ ಕುಲುಕಿ ಆಯ್ತು ಅಂದುಬಿಟ್ಟರೆ? ಶೇಖರ ಕೆಮ್ಮಿದ. ಇನ್ನೊಂದು ಸಲ ಜೋರಾಗಿ ಕೆಮ್ಮಿದ.

"ಎಂತ ಭಾವ, ಗಂಟಲಲ್ಲಿ ಬಜೆ ಸಿಕ್ಕಿತಾ? ನೀರು ಕೊಡು ಅಕ್ಕ."

ನೀರು ತಂದ ಹೆಂಡತಿಯ ಕೈ ಹಿಡಿದು ಶೇಖರ ಪಿಸುಗುಟ್ಟಿದ. "ಎಲ್ಲಿಗೆ ಕರ್ಕೊಂಡು ಹೋಗ್ತಾರೆ ಅಂತ ಕೇಳ್ಲಿಕ್ಕೆ ಹೇಳು. ನಿನ್ನ ಕಾಲಿಗೆ ಬೀಳ್ತೇನೆ."

ಪಂಕಜಾ ಗಂಡನ ಮುಖ ನೋಡಿದಳು. ಅಲ್ಲಿ ಭೂಗೋಳವೂ ಇರಲಿಲ್ಲ, ಗತ್ತೂ ಇರಲಿಲ್ಲ. ಅವಳ ನಗು ನಿಂತಿತು. ಹೋಗಿ ತಮ್ಮನ ಕಿವಿಯಲ್ಲಿ ತುಳುವಿನಲ್ಲಿ ಹೇಳಿದಳು. ಜಗ್ಗು ಭಾವನ ಕಡೆ ತಿರುಗಿ ನೋಡಿದ. ಅವನೂ ನಗು ಬಿಟ್ಟ.

"ಒಂದು ವಿಷಯ" ಎಂದು ಮ್ವಾಲೆಗೆ ಹೇಳಿದ. "ಇವಳು ನಮಗೆ ಇರುವವಳು ಒಬ್ಬಳೇ. ನನಗೂ ಮಕ್ಕಳಿಲ್ಲ. ಮದುವೆಯಾದ ಮೇಲೆ ಇವಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?"

ಮ್ವಾಲೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲಿಗೆ? ಎಲ್ಲಿಗೂ ಇಲ್ಲ. ಹೆಣ್ಣು ಯಾಕೆ ಹೋಗುತ್ತಾಳೆ? ಬರುವುದು ನಮ್ಮ ಹುಡುಗ. ನಮ್ಮಲ್ಲಿ ಗಂಡಸು ಹೆಂಡತಿಯ ಊರಿಗೆ ಬರುತ್ತಾನೆ, ಅತ್ತೆಯ ಹೊಲ ಅಗೆಯುತ್ತಾನೆ, ಅಲ್ಲೇ ಗುಡಿಸಲು ಕಟ್ಟುತ್ತಾನೆ. ನಾನೂ ಹಾಗೆಯೇ ಹೋದವನು. ಇವಳ ಊರು ಇದೇ ಅಲ್ಲವೇ, ಬ್ರ್ಯಾಂಪ್ಟನ್?"

"ಅಂಕಲ್, ನಾನು ಒಂದೆರಡು ವರ್ಷ ಊರಿಗೆ ಹೋಗಿ..." ಎಂದು ಕೊಂಡ್ವಾನಿ ತನ್ನ ಮಾವನ ಕಡೆ ತಿರುಗಿ ಮೆಲ್ಲಗೆ ಬಾಯಿ ಹಾಕಿದ.

"ಅದು ಬೇರೆ ಮಾತು. ಹೆಂಡತಿಯನ್ನು ಊರು ಬಿಡಿಸಿ ಕರೆದುಕೊಂಡು ಹೋಗಬೇಕಾದರೆ ಬೇರೆಯಾಗಿ ಬಂದು, ಇಲ್ಲಿ ಹೀಗೆ ಕೂತು, ಇವರನ್ನು ಕೇಳಬೇಕು. ಅವಳಿಗೂ ಮನಸ್ಸಿರಬೇಕು. ಇವರು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಮೊದಲು ಅತ್ತೆಯ ಹೊಲ ಅಗಿ" ಎಂದು ಮ್ವಾಲೆ ಅಳಿಯನ ತಲೆಗೆ ಮೊಟಕಿದರು.

ಶೇಖರನಿಗೆ ಕೂತ ಕುರ್ಚಿ ಒಮ್ಮೆಲೇ ಹಗುರವಾದಂತಾಯಿತು. ಮಗಳು ಹೋಗುವುದಿಲ್ಲ. ಹೋಗುವುದಿದ್ದರೂ ಕೇಳಿಯೇ ಹೋಗುವುದು. ಇಷ್ಟು ದಿನ ಹೊತ್ತು ತಿರುಗಿದ್ದ ಭಯವನ್ನು ಈ ಮನುಷ್ಯ ಎರಡು ಮಾತಿನಲ್ಲಿ ಇಳಿಸಿಬಿಟ್ಟರಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೆ ಅಳು ಬರುತ್ತಿದೆ, ನಾಚಿಕೆಯೂ ಆಗುತ್ತಿದೆ. ಏನು ಮಾಡುವುದೆಂದು ತಿಳಿಯದೆ ಖಾಲಿ ಲೋಟದಿಂದ ನೀರು ಕುಡಿದ.

"ಹಾಗಾದರೆ ಹುಡುಗಿಯ ಮಾವ ಏನು ಹೇಳುತ್ತಾರೆ?" ಎಂದು ಮ್ವಾಲೆ ಕೇಳಿದರು.

ಜಗ್ಗು ಎದ್ದ. ಊಟದ ಮೇಜಿನ ಹತ್ತಿರ ಬಂದು, ಶೇಖರನ ತೋಳು ಹಿಡಿದು ಎಬ್ಬಿಸಿ, ಸೋಫಾದ ನಡುವೆ ತಂದು ಕೂರಿಸಿದ. ಆಮೇಲೆ ಕನ್ನಡದಲ್ಲಿ ಹೇಳಿದ, "ಭಾವ, ನನ್ನನ್ನು ಮಾವ ಅಂತ ಕೂರಿಸಿದ್ರು, ಸಂತೋಷ. ಈಗ ಮಾವನ ತೀರ್ಮಾನ ಎಂತ ಗೊತ್ತುಂಟಾ? ಇದಕ್ಕೆ ಅಪ್ಪನೇ ಉತ್ತರ ಹೇಳ್ಬೇಕು. ಹೇಳಿ."

ಎಲ್ಲರೂ ಶೇಖರನನ್ನು ನೋಡಿದರು. ಒಬ್ಬ ತಂದೆಯಾಗಿ ನಾನು ಎಂದು ಶುರುವಾಗುವ ಭಾಷಣ ಇನ್ನೂ ಎಲ್ಲೋ ಇತ್ತು, ಹುಡುಕಿದರೆ ಸಿಗುತ್ತಿತ್ತು. ಶೇಖರ ಹುಡುಕಲಿಲ್ಲ. ಕೊಂಡ್ವಾನಿಯ ಕಡೆ ನೋಡಿದ, ಮೂಗು ಒರೆಸಿಕೊಂಡ.

"ಪಂಕಜಾ, ಮೇಲಿನ ನಮ್ಮ ರೂಮು ಇವರಿಗೆ ಬಿಡುವ. ಅದರಲ್ಲಿ ಬಿಸಿಲು ಬರ್ತದೆ. ಹಿಂದಿನ ರೂಮಲ್ಲಿ ಹುಡುಗನಿಗೆ ಚಳಿ ಆದೀತು."

"ಬಟ್ ಅಪ್ಪಾ, ವಿ ಆಲ್ರೆಡಿ ಮಿಸ್ಸಿಸ್ಸಾಗದಲ್ಲಿ ಅಪಾರ್ಟ್‌ಮೆಂಟು..." ಅಂದಳು ನಿಶ್ಮಿತಾ. ಮುಂದಿನ ಮಾತು ಹೊರಡುವ ಮೊದಲೇ ಕೊಂಡ್ವಾನಿ ಅವಳ ಕೈ ಒತ್ತಿದ. ಕನ್ನಡ ಬಾರದಿದ್ದರೂ ಶೇಖರನ ಮುಖ ಅವನಿಗೆ ತಿಳಿದಿರಬೇಕು.

ಮ್ವಾಲೆ ಪಂಕಜಾಳ ಕಡೆ ಬಾಗಿ ಕೇಳಿದರು, "ಏನಂದರು?"

ಪಂಕಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೂಂ ಅಂದರು. ನಮ್ಮ ಮದುವೆಯಾದ ಮೇಲೆ ಇವರು ಇಷ್ಟು ಚಿಕ್ಕದಾಗಿ ಮಾತಾಡಿದ್ದು ಇದೇ ಮೊದಲು."